ನಾಲ್ಕನೇ ಕೊಳವೆಯ ಚೀಲ

ನಮ್ಮ ಸಂತೆ ಮೈದಾನದ ಕಾಂಕ್ರೀಟ್ ಮಂಟಪವನ್ನು ನೋಡಲು ಈಗ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಬಂದವರು ಕಂಬ ಸವರುತ್ತಾರೆ. ಎಮ್ಮೆ ಕೊಳ್ಳುವವರು ಎಮ್ಮೆಯನ್ನು ಸವರುತ್ತಾರೆ, ಅದಕ್ಕೊಂದು ಅರ್ಥವಿದೆ. ಕಂಬ ಸವರಿ ಏನು ಹಾಲು ಕರೆಯುತ್ತಾರೋ ನಾ ಕಾಣೆ.

ಆ ಮಂಟಪ ಕಟ್ಟುವಾಗ ಕಾಂಕ್ರೀಟ್ ಪುಟ್ಟಿ ಹೊತ್ತವಳು ನಾನು. ಯಲಬುರ್ಗಾ ಕಡೆಯ ಒಣ ಊರು ನಮ್ಮದು. ಹೊಲದಲ್ಲಿ ಕೆಲಸವಿಲ್ಲದ ದಿನ ಸಿಕ್ಕ ಕೆಲಸಕ್ಕೆ ಹೋಗುತ್ತಿದ್ದೆವು. ನಾಲ್ಕು ದಪ್ಪ ಕಂಬ, ಮೇಲೊಂದು ದಪ್ಪ ಚಪ್ಪಡಿ, ಗೋಡೆಯಿಲ್ಲ. ಎರಕದ ಹಲಗೆ ಬಿಚ್ಚಿದಾಗ ಕಟ್ಟಿಗೆಯ ಗೆರೆ, ಗಂಟು ಎಲ್ಲ ಕಂಬದ ಮೇಲೆ ಹಾಗೇ ಮೂಡಿದ್ದವು. ಇನ್ನು ಗಿಲಾವು ಆಗುತ್ತದೆ, ಸುಣ್ಣ ಆಗುತ್ತದೆ ಎಂದು ಕಾದೆವು. ಎಂಜಿನಿಯರ್ ಬಂದು, ಇದು ಹೀಗೇ ಇರಬೇಕು, ಯಾರೂ ಕೈ ಹಚ್ಚಬೇಡಿ ಎಂದ. ಊರವರು ಅದಕ್ಕೆ ಬೋಳು ಕಟ್ಟಿ ಎಂದು ಹೆಸರಿಟ್ಟರು. ಗಂಡಸರು ಅವನ ಬೆನ್ನ ಹಿಂದೆ ನಕ್ಕರು, ನಾವು ಹೆಂಗಸರು ಎದುರಿಗೇ ನಕ್ಕೆವು.

ಚಪ್ಪಡಿ ಹಾಕಿದ ಮೇಲೆ ಅದು ಬಿರಿಯದಂತೆ ಮಣ್ಣಿನ ಒಡ್ಡು ಕಟ್ಟಿ ನೀರು ನಿಲ್ಲಿಸುತ್ತಾರೆ. ಮಳೆನೀರು ಇಳಿಯಲು ನಾಲ್ಕು ಮೂಲೆಗೆ ನಾಲ್ಕು ಕೊಳವೆ ಇಟ್ಟಿದ್ದರು. ನೀರು ಹರಿದುಹೋಗಬಾರದೆಂದು ಅವುಗಳಿಗೆ ಗೋಣಿಚೀಲ ತುರುಕಿದವಳು ನಾನು. ದಿನ ತುಂಬಿದ ಮೇಲೆ ತೆಗೆಯಬೇಕಾದವಳೂ ನಾನೇ. ಮೇಸ್ತ್ರಿ ಹೇಳಿದ ದಿನ ಮೂರು ತೆಗೆದೆ. ನಾಲ್ಕನೆಯದು ಸಿಮೆಂಟಿನ ನೀರು ಕುಡಿದು ಕಲ್ಲಾಗಿತ್ತು. ಹಾರೆ ತರಲು ಕೆಳಗಿಳಿದೆ. ನನ್ನ ಅಣ್ಣ ನಾಗರ ಪಂಚಮಿ ಹಬ್ಬಕ್ಕೆ ತವರಿಗೆ ಕರೆದೊಯ್ಯಲು ಕನಕಗಿರಿಯಿಂದ ಬಂದು ನಿಂತಿದ್ದ.

"ನಡಿ, ಬಸ್ ಹೋಕ್ಕೈತಿ," ಎಂದ.

"ಇನ್ನೂ ಒಂದ ಚೀಲ ಉಳದೈತೋ."

"ಚೀಲಕ್ಕೇನು ಕಾಲದಾವೇನ ಓಡಿ ಹೋಗಾಕ? ಉಂಡಿ ಕಟ್ಟಾಕ ಅವ್ವ ಒಬ್ಬಾಕಿನs ಅದಾಳ."

ಪಂಚಮಿಗೆ ಅಣ್ಣ ಕರೆಯಲು ಬಂದ ಮೇಲೆ ಹಾರೆ ಹುಡುಕುವ ಹೆಣ್ಣು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಹೋದೆ. ಉಂಡಿ ತಿಂದೆ, ಜೋಕಾಲಿ ಆಡಿದೆ, ಚೀಲ ಮರೆತೆ. ತಿರುಗಿ ಬಂದಾಗ ಏಣಿ, ಬೊಂಬು ಎಲ್ಲ ಬಿಚ್ಚಿದ್ದರು. ಮೇಲೆ ಹತ್ತಲು ಮೆಟ್ಟಿಲೇ ಇಲ್ಲದ ಶಾಣ್ಯಾರ ಕಟ್ಟಡ ಅದು. ಉದ್ಘಾಟನೆಗೆ ಕಸ ಹೊಡೆಯಿರಿ ಎಂದರು. ಹೊಡೆದೆವು. ಬೋಳು ಕಂಬ ನೋಡಲಾಗದೆ ಎದೆಮಟ್ಟ ಸೆಗಣಿಯನ್ನೂ ಸಾರಿಸಿದೆವು. ಎಂಜಿನಿಯರ್ ತಲೆಯ ಮೇಲೆ ಕೈ ಹೊತ್ತು ಕುಳಿತ. ಮರುದಿನ ನಮ್ಮ ಗುಂಪು ಗಂಗಾವತಿ ಕಡೆ ಕಾಲುವೆ ಕೆಲಸಕ್ಕೆ ಹೊರಟಿತು.

ಆಮೇಲೆ ಬೆನ್ನು ಬಗ್ಗಿತು. ಪುಟ್ಟಿ ಬಿಟ್ಟು ಅದೇ ಮಂಟಪದ ಕೆಳಗೆ ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಮಾರಲು ಕುಳಿತೆ. ಬೇಸಿಗೆಯಲ್ಲಿ ಊರೆಲ್ಲ ಹುಡುಕಿದರೂ ಅಂಥ ತಂಪು ಜಾಗವಿಲ್ಲ. ಒಂದು ಮೂಲೆ ಮಾತ್ರ ಮೊದಲಿನಿಂದಲೂ ಸೋರುತ್ತಿತ್ತು. ಅಲ್ಲಿ ಕಾಂಕ್ರೀಟಿನ ಹಳಕು ಉದುರಿ ಕಬ್ಬಿಣದ ಸಳಿ ಹೊರಗೆ ಕಾಣತೊಡಗಿದವು. ಎರಡು ಸಲ ಮೇಲೆ ಡಾಂಬರು ಸುರಿದರು, ಸೋರುವುದು ನಿಲ್ಲಲಿಲ್ಲ. ಎಂಜಿನಿಯರ್ ಎಂದೋ ಸತ್ತಿದ್ದ. ಊರೆಲ್ಲ ಅವನನ್ನು ಬಯ್ದಿತು. ನಾನೂ ಬಯ್ದೆ.

ಹೋದ ವರ್ಷ ಪಂಚಾಯಿತಿ ಮೆಂಬರನಿಗೆ, ಸೋರುತ್ತದೆ ಎಂಬ ನೆಪದಲ್ಲಿ, ಮಂಟಪ ಕೆಡವುವ ಹುಕಿ ಬಂತು. ಜಾಗದಲ್ಲಿ ತಗಡಿನ ಚಪ್ಪರ, ಬಾಗಿಲಿಗೆ ಎರಡು ಸಿಮೆಂಟ್ ಸಿಂಹ. ಕುಷ್ಟಗಿ ದಾರಿಯ ಒಂದು ಸಂತೆಯಲ್ಲಿ ನಾನು ತಗಡಿನ ಕೆಳಗೆ ಕುಳಿತು ನೋಡಿದ್ದೇನೆ. ಶೇಂಗಾ ಹುರಿಯಲು ಬೇರೆ ಒಲೆ ಬೇಕಾಗಿಲ್ಲ. ಮಂಟಪ ಹೋದರೆ ನನ್ನ ಕೂಡ್ರುವ ದಿನವೂ ಮುಗಿದಂತೆ.

ಅವನು ಅಳತೆ ಹಿಡಿಯಲು ಬಂದ ದಿನವೇ ದೊಡ್ಡ ಊರಿನಿಂದ ಒಬ್ಬ ಮೇಡಂ ತನ್ನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಂದಳು. ಕಟ್ಟಡ ಕಲಿಸುವವಳಂತೆ. ಇದನ್ನು ಕೆಡವಬಾರದು ಎಂದು ಅವಳ ವಾದ.

"ಅಜ್ಜಿ, ಕಾಂಕ್ರೀಟನ್ನ ಬರಿದಾಗೇ ಬಿಡೋ ಈ ಶೈಲಿಗೆ ಬ್ರೂಟಲಿಸಂ ಅಂತಾರೆ," ಎಂದಳು.

"ನಾವು ಬೋಳು ಕಟ್ಟಿ ಅಂತೀವಿ."

ಅವಳು ಕಂಬದ ಕಂದು ಬಣ್ಣವನ್ನು ಉಗುರಿನಿಂದ ಕೆರೆದು, "ನೋಡ್ರಪ್ಪ, ಬೇಕಂತಲೇ ಹಚ್ಚಿರೋ ಮಣ್ಣಿನ ಬಣ್ಣ," ಎಂದಳು. ಹುಡುಗಿಯರು ಮೂಸಿ ನೋಡಿದರು.

"ಸೆಗಣಿ ರಿ ಅದು. ನಾವs ಬಳದೀವಿ."

ಅದನ್ನೂ ಬರೆದುಕೊಂಡರು. ಓದಿದವರಿಗೆ ನಾಚಿಕೆ ಕಡಿಮೆ.

ಆಮೇಲೆ ಮೇಡಂ ಮೇಲೆ ಕೈ ತೋರಿಸಿದಳು. "ಮೂರು ಮೂಲೇಲೂ ಕಪ್ಪು ಕಲೆ ಇದೆ. ಆ ನಾಲ್ಕನೇದು ನೋಡಿ, ಎಷ್ಟು ಸ್ವಚ್ಛ ಉಳಿದಿದೆ."

"ಸೋರೂದು ಅದs ಮೂಲಿ ರಿ ಮೇಡಂ," ಎಂದ ಮೆಂಬರ್.

ನಾನು ತಲೆ ಎತ್ತಿದೆ. ಚಟ್ನಿ ಮಾರುವವಳು ಗಿರಾಕಿಯ ಕಾಲು ನೋಡುತ್ತಾಳೆ, ಸೂರು ನೋಡುವುದಿಲ್ಲ. ಮೂರು ಕೊಳವೆಗಳ ಕೆಳಗೆ ಮಳೆನೀರು ಇಳಿದಿಳಿದು ಕರಿ ಗೆರೆ ಬಿದ್ದಿತ್ತು. ನಾಲ್ಕನೆಯದರ ಕೆಳಗೆ ಒಂದು ಹನಿಯ ಗುರುತೂ ಇಲ್ಲ. ಅದರಿಂದ ನೀರು ಇಳಿದೇ ಇರಲಿಲ್ಲ, ಮೇಲೇ ನಿಂತು ಚಪ್ಪಡಿಯೊಳಗೆ ಜಿನುಗಿತ್ತು. ಹಾರೆ, ಅಣ್ಣ, ಉಂಡಿ, ಎಲ್ಲ ಒಮ್ಮೆಲೇ ನೆನಪಾದವು. ಹೇಳಿದರೆ ಊರು ಸಾಯುವತನಕ ಆಡಿಕೊಳ್ಳುತ್ತದೆ. ಹೇಳದಿದ್ದರೆ ತಗಡು.

"ಆ ಕೊಳವ್ಯಾಗ ಚೀಲ ಐತಿ," ಎಂದೆ.

"ಯಾರ ಚೀಲಬೇ?" ಮೆಂಬರ್ ಕೇಳಿದ.

"ನಂದು."

"ಇಷ್ಟು ವರ್ಷ ಅಲ್ಯಾಕ ಇಟ್ಟಿ? ತಿಜೋರಿ ಅಂತ ತಿಳ್ಕೊಂಡಿದ್ದೇನ?"

"ನಿನ್ನ ತಲ್ಯಾಗೂ ಒಂದು ಐತಿ. ಅದನ್ನ ಮಾತ್ರ ನಾ ತುರಕಿಲ್ಲಪಾ."

ಸಂತೆ ನಕ್ಕಿತು. ಮೇಡಂ ನಗಲಿಲ್ಲ, ಅದೊಂದು ಅವಳ ಒಳ್ಳೆಯ ಗುಣ. ಊರಿಗೆ ನೀರು ಬಿಡುವ ನೀರಗಂಟಿಯನ್ನು ಕರೆಸಿ ಏಣಿ ಹಚ್ಚಿಸಿದಳು. ಏಣಿ ನಿಲ್ಲಿಸುವಷ್ಟರಲ್ಲಿ ಪಂಚಮಿಯ ಕಥೆಯನ್ನೂ ನನ್ನ ಬಾಯಿಂದ ಹೊರಡಿಸಿದರು. ಅವನು ಕೊಳವೆಯ ಕೆಳಬಾಯಿಗೆ ಹಾರೆ ಹಾಕಿ ತಿವಿದ. ಮೊದಲು ಸಿಮೆಂಟಿನ ಚೂರು ಬಂದವು. ಆಮೇಲೆ ಕರಿ ರಾಡಿ. ಆಮೇಲೆ ನನ್ನ ಚೀಲ, ನಾರು ನಾರಾಗಿ. ಅದರ ಹಿಂದೆ ಡಾಂಬರಿನ ಚೂರಿನ ಸಮೇತ ಹೋದ ವಾರದ ಮಳೆಯ ನೀರೆಲ್ಲ ಅವನ ತಲೆಯ ಮೇಲೆ ಇಳಿಯಿತು.

"ಯವ್ವಾ, ಪಂಚಮಿ ಚೊಲೋ ಮಾಡಿದಿ," ಎಂದ ಅವನು, ಮುಖ ಒರೆಸಿಕೊಳ್ಳುತ್ತ.

ಮೆಂಬರ್ ಅಳತೆಯ ಟೇಪು ಸುತ್ತಿಕೊಂಡು ಹೋದ. ಸಿಂಹಗಳು ಈಗ ಅವನ ಮನೆಯ ಬಾಗಿಲಲ್ಲಿವೆ, ಒಂದರ ಮೂಗು ಮುರಿದಿದೆ.

ಮೇಡಂ ಆ ಮೂಲೆಯ ತುಕ್ಕು ಕೆರೆಸಿ ರಿಪೇರಿ ಮಾಡಿಸಿದಳು. ಮಂಟಪ ಉಳಿಯಿತು. ಮುಂದೆ ಹೀಗಿರುತ್ತದೆ ಎಂದು ಒಂದು ಚಿತ್ರ ತೋರಿಸಿದಳು. ಬೆಂಚು, ಕುಂಡ, ದೀಪ, ನಾಯಿ ಹಿಡಿದ ಒಬ್ಬ ಹೆಂಗಸು.

"ಇದ್ರಾಗ ಚಟ್ನಿ ಎಲ್ಲಿ ರಿ?" ಎಂದು ಕೇಳಿದೆ.

ಅವಳು ಚಿತ್ರವನ್ನು ತಿರುಗಿಸಿ ತಿರುಗಿಸಿ ಹುಡುಕಿದಳು. ಮುಂದಿನ ಸಂತೆಗೆ ನಾವೆಲ್ಲ ನಮ್ಮ ನಮ್ಮ ಜಾಗದಲ್ಲಿ ಕುಳಿತೆವು. ನಾಯಿ ಹಿಡಿದವಳು ಇನ್ನೂ ಬಂದಿಲ್ಲ. ಕಂಬಕ್ಕೆ ಹಚ್ಚುವ ಫಲಕದಲ್ಲಿ ನಿಮ್ಮ ಹೆಸರೂ ಹಾಕಲೇ ಎಂದು ಮೇಡಂ ಕೇಳಿದಾಗ ಬೇಡವೆಂದೆ. ಹೆಸರು ಬಂದರೆ ಚೀಲವೂ ಬರುತ್ತದೆ.

ಈ ಮಳೆಗಾಲಕ್ಕೆ ನಾಲ್ಕನೇ ಮೂಲೆಯಲ್ಲೂ ಕರಿ ಗೆರೆ ಇಳಿದಿದೆ. ನೋಡಲು ಬಂದವರು ಅಯ್ಯೋ, ತೊಳೆಸಿ ಎನ್ನುತ್ತಾರೆ. ನಾನು ತೊಳೆಯಲು ಬಿಡುವುದಿಲ್ಲ. ಸಂತೆಗೆ ಬಂದ ಕೂಡಲೇ ಮೊದಲು ಮೇಲೆ ನೋಡುತ್ತೇನೆ. ಗೆರೆ ಹಸಿಯಾಗಿದ್ದರೆ ಬುಟ್ಟಿ ಇಳಿಸಿ ಕುಳಿತುಕೊಳ್ಳುತ್ತೇನೆ.