ಡಿಸ್ಚಾರ್ಜ್ ಎಂದರೆ ಬಿಡುಗಡೆ

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮಂಡ್ಯದಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದೆ. ನಮ್ಮ ಇಂಗ್ಲಿಷ್ ಮೇಷ್ಟ್ರು ಮೊದಲ ಮೂರು ಅಕ್ಷರ ಒಂದೇ ಇರುವ ಪದಗಳನ್ನು ಗುಂಪು ಮಾಡಿ ಕಲಿಸುತ್ತಿದ್ದರು. ಒಂದು ವಾರ ಡಿ, ಐ, ಎಸ್ ಗುಂಪು. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ, ಒಂದು ಪದಕ್ಕೆ ಒಂದೇ ಅರ್ಥ. ಡಿಸೀಸ್ ಎಂದರೆ ಕಾಯಿಲೆ, ಡಿಸ್ಟನ್ಸ್ ಎಂದರೆ ದೂರ, ಡಿಸ್ಚಾರ್ಜ್ ಎಂದರೆ ಬಿಡುಗಡೆ. ನಮ್ಮೂರು ಯಲಿಯೂರಿನಿಂದ ಶಾಲೆಗೆ ರೈಲಿನಲ್ಲಿ ಹೋಗುವಾಗ ಬಾಯಿಪಾಠ ಮಾಡಿಕೊಂಡೆ.

ಅಪ್ಪ ಮದ್ದೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಜವಾನ. ಹನ್ನೊಂದು ವರ್ಷ ಗಂಟೆ ಹೊಡೆದಿದ್ದ, ಬಾವಿಯ ನೀರು ಸೇದಿ ಮಹಡಿಗೆ ಹೊತ್ತಿದ್ದ. ಮಂಡಿನೋವು ಜಾಸ್ತಿಯಾದಾಗ, ನೀರು ಹೊರುವುದನ್ನು ತಪ್ಪಿಸಿ ಎಂದು ಶಾಲೆಯ ಸೆಕ್ರೆಟರಿಯನ್ನು ಕೇಳಿಕೊಂಡಿದ್ದ. ವಾರ ಕಳೆದ ಮೇಲೆ ಅವನ ಕೈಗೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಕಾಗದ ಕೊಟ್ಟರು. ಎರಡು ಪ್ರತಿ, ಒಂದಕ್ಕೆ ಸಹಿ ಹಾಕಿ ತರಬೇಕು.

"ಓದವ್ವ, ಏನ್ ಬರ್ದವ್ರೆ ನೋಡು," ಎಂದ ಅಪ್ಪ.

ಅರ್ಧಕ್ಕರ್ಧ ಅರ್ಥವಾಗಲಿಲ್ಲ. ನಡುವೆ ಗೊತ್ತಿದ್ದ ಪದವೊಂದು ಕಂಡಿತು. ಡಿಸ್ಚಾರ್ಜ್. ಅದರ ಪಕ್ಕದಲ್ಲೇ ಡ್ಯೂಟಿ. "ಆ ಕೆಲ್ಸದಿಂದ ಬಿಡುಗಡೆ ಮಾಡವ್ರೆ ಕಣಪ್ಪ. ಇನ್ಮೇಲೆ ನೀರು ಒರಂಗಿಲ್ಲ."

ಅವ್ವನಿಗೆ ಅನುಮಾನ. "ಡಿಸ್ಮಿಸ್ ಗಿಸ್ಮಿಸ್ ಅಂತ ಏನಾರ ಐತಾ, ಸರ್ಯಾಗಿ ನೋಡೇ."

"ಡಿಸ್ಮಿಸ್ ಬ್ಯಾರೆ, ಡಿಸ್ಚಾರ್ಜ್ ಬ್ಯಾರೆ ಕಣವ್ವ. ಅಜ್ಜಿನ ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡ್ನಿಲ್ವಾ? ಒಳ್ಳೇದೇ ಅಲ್ವಾ ಅದು?"

ಅಪ್ಪ ಸಹಿ ಹಾಕಿ ಕೊಟ್ಟ. ಸೆಕ್ರೆಟರಿ ಅದನ್ನು ಮಡಿಸಿ ಫೈಲಿಗೆ ಸೇರಿಸಿದರು. ಸೋಮವಾರ ಅಪ್ಪ ಶಾಲೆಗೆ ಹೋದಾಗ ಸೆಕ್ರೆಟರಿಯ ಷಡ್ಡಕನ ತಮ್ಮ ಗಂಟೆ ಹೊಡೆಯುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅಪ್ಪ ಮನೆಗೆ ವಾಪಸ್ಸು. ಬಯ್ಯುತ್ತಾನೆಂದು ಕಾದೆ. "ನೀನೇನ್ ಮಾಡೀಯೆ ಬುಡವ್ವ," ಎಂದನಷ್ಟೆ. ಅದನ್ನೇ ನನಗೆ ತಡೆಯಲಾಗಲಿಲ್ಲ.

ಮರುದಿನ ಕಾಗದವನ್ನು ಮೇಷ್ಟ್ರ ಮೇಜಿನ ಮೇಲಿಟ್ಟೆ. ಓದಿ ಅವರ ಮುಖ ಸಪ್ಪಗಾಯಿತು.

"ನೌಕರಿಯಿಂದ ಡಿಸ್ಚಾರ್ಜ್ ಅಂದ್ರೆ ಕೆಲಸ ಹೋಯ್ತು ಅಂತಮ್ಮ. ತಪ್ಪು ಹೊರಿಸಿ ತೆಗೆದ್ರೆ ಡಿಸ್ಮಿಸ್. ತಪ್ಪು ಹೊರಿಸದೆ ಕಳಿಸಿದ್ರೆ ಇದು."

"ಎರಡ್ರಲ್ಲೂ ಮನೇಲೇ ಕೂರ್ಬೇಕಲ್ಲ ಸಾರ್? ಬಿಡುಗಡೆ ಅಂತ ಬರೆಸಿದ್ದು ನೀವೇ ಅಲ್ವಾ?"

ಮೇಷ್ಟ್ರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಕೋಪಿಸಿಕೊಳ್ಳಲಿಲ್ಲ. ಶನಿವಾರ ನಮ್ಮ ಜೊತೆ ಮದ್ದೂರಿಗೆ ಬಂದರು.

ಸೆಕ್ರೆಟರಿ ನಮ್ಮನ್ನು ಕೂರಿ ಎನ್ನಲಿಲ್ಲ. "ಸಹಿ ಹಾಕಿದಾನಲ್ರೀ ಮೇಷ್ಟ್ರೇ. ಇಂಗ್ಲಿಷ್ ಬರದಿದ್ರೆ ಬಲ್ಲವರ ಹತ್ರ ಓದಿಸ್ಬೇಕಿತ್ತು."

ನನಗೆ ಮೈಯೆಲ್ಲ ಉರಿಯಿತು. "ಓದ್ದೋಳು ನಾನೇ. ನಮ್ಮಪ್ಪಂಗೆ ಇಂಗ್ಲಿಸ್ ಬರಲ್ಲ ಅಂತ ನಿಮ್ಗೆ ಅನ್ನೊಂದು ವರ್ಸದಿಂದ ಗೊತ್ತಿತ್ತು. ದಿನಾ ಅವ್ರತ್ರ ಯಾವ ಭಾಷೇಲಿ ನೀರು ಕೇಳ್ತಿದ್ರಿ?"

"ಹುಡುಗಿಗೆ ಬಾಯಿ ಜಾಸ್ತಿ," ಎಂದು ಅವರು ಎದ್ದು ಹೋದರು. ಅಪ್ಪ ನನ್ನ ಕೈ ಹಿಡಿದುಕೊಂಡ. ಸುಮ್ಮನಿರು ಎಂದು ಮಾತ್ರ ಹೇಳಲಿಲ್ಲ.

ಮೇಷ್ಟ್ರು ಮಂಡ್ಯದ ಶಿಕ್ಷಣ ಇಲಾಖೆಯ ಕಚೇರಿಗೆ ಅರ್ಜಿ ಬರೆದುಕೊಟ್ಟರು, ತಾವೇ ಮೂರು ಸಲ ಹೋಗಿ ಬಂದರು. ಎರಡು ತಿಂಗಳಾದ ಮೇಲೆ, ಇಲಾಖೆಯಿಂದ ಶಾಲೆಗೆ ನೋಟಿಸು ಹೋಗಿ, ಮದ್ದೂರಿನಿಂದ ಕರೆ ಬಂತು. ಅಪ್ಪನ ಜೊತೆ ನಾನೂ ಹೋದೆ. ಮತ್ತೆ ಕೆಲಸ ಕೊಡುತ್ತೇವೆಂದು ಸೆಕ್ರೆಟರಿ ಚಾಚಿದ ಕಾಗದವೂ ಇಂಗ್ಲಿಷಿನದೇ! ಅಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಕನ್ನಡದಾಗೆ ಬರ್ಸಿ ಸ್ವಾಮಿ. ಆಮೇಕೆ ಸಯಿ ಆಕ್ತೀನಿ."

ಕನ್ನಡದ ಟೈಪ್‌ರೈಟರ್ ಇಲ್ಲವೆಂದರು. ಅಪ್ಪ ಕದಲಲಿಲ್ಲ. ಕೊನೆಗೆ ಗುಮಾಸ್ತರು ಕೈಯಲ್ಲೇ ಬರೆದುಕೊಟ್ಟರು. ಅಪ್ಪ ಕಿಟಕಿಯ ಬಳಿ ನಿಂತು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. ಕಾಲು ಗಂಟೆಯಾದರೂ ಹಿಡಿಯಿತು, ಸೆಕ್ರೆಟರಿ ಕಾದರು. ಒಂದು ಕಡೆ ಅವನ ಬೆರಳು ನಿಂತಿತು.

"ಒಸದಾಗಿ ಸೇರಿಸ್ಕಂಡೀವಿ ಅಂತ ಬರ್ದಿದ್ದೀರಲ್ಲ. ನಾನೆಂಗೆ ಒಸಬ?"

ಗುಮಾಸ್ತರು ಸೆಕ್ರೆಟರಿಯ ಮುಖ ನೋಡಿ, ಆ ಸಾಲು ಹೊಡೆದುಹಾಕಿ, ಹಿಂದಿನ ಸೇವೆ ಮುಂದುವರಿಸಿದೆ ಎಂದು ಬರೆದರು. ಆಗ ಅಪ್ಪ ಸಹಿ ಹಾಕಿದ. ಆ ಎರಡು ತಿಂಗಳಿಗೆ ತಪ್ಪಾಯಿತೆಂಬ ಒಂದು ಮಾತು ಆ ಕೋಣೆಯಲ್ಲಿ ಯಾರೂ ಆಡಲಿಲ್ಲ. ನೆನೆದರೆ ಈಗಲೂ ನನಗೆ ಕೋಪ ಬರುತ್ತದೆ.