ಪುಟದ ತಲೆಯ ಮೇಲಿನ ಶ್ರೀ

ಶೇಂಗಾ ಹುರಿಯುವಾಗ ಫೋನು ಬಂದರೆ ನಾನು ಎತ್ತುವುದಿಲ್ಲ. ಒಂದು ಗಳಿಗೆ ಕೈ ನಿಂತರೂ ಕಾಳು ಸೀಯುತ್ತವೆ; ಚಟ್ನಿಪುಡಿ ಕಹಿಯಾದರೆ ಅದು ಮುಗಿಯುವವರೆಗೂ ಊಟದ ಹೊತ್ತಿಗೆ ಅದೇ ಮಾತು ಕೇಳಬೇಕು. ಮೊನ್ನೆ ಮಾತ್ರ, ಪುಣ್ಯಕ್ಕೆ, ಕಾಳನ್ನು ಮೊರಕ್ಕೆ ಸುರಿದ ಮೇಲೆ ಅದು ಬಡಿದುಕೊಂಡಿತು. ಇಂಥ ಸಣ್ಣ ಉಪಕಾರವನ್ನೂ ನಾನು ದೇವರ ಹೆಸರಿಗೇ ಹಚ್ಚುತ್ತೇನೆ. ನೀವು ನಗಬಹುದು.

ಮಾತಾಡಿದವಳು ಸಂಡೂರಿನ ಶಾಂತಾ. ಶಾಲೆಯಲ್ಲಿ ಪಾಠ ಹೇಳುತ್ತಾಳೆ, ಕಣ್ಣು ಕಾಣುವುದಿಲ್ಲ. ನನ್ನ ನಾದಿನಿ ಪಂಪಾವತಿ ಕಂಪ್ಯೂಟರಿನಲ್ಲಿ ಬರೆದಿಟ್ಟು ಹೋದ ಪುಟಗಳನ್ನು ಈಗ ನೋಡಿಕೊಳ್ಳುವವಳು ಅವಳೇ.

“ಅಮ್ಮಾ, ಪುಟ ಎಲ್ಲಾ ಹೊಸದಾಗಿ ಜೋಡಸಾಕ ಹತ್ತೀವ್ರಿ. ಬ್ಯಾಡಾದ ಸಾಲು ತೆಗೀತೀವಿ. ಪ್ರತಿ ಪುಟದಾಗ ಮುಚ್ಚಿಟ್ಟಂಗ ಒಂದು ‘ಶ್ರೀ’ ಐತಲ್ರಿ, ಅದು ಯಾಕ ಅಂತ ಜೊತಿಗೆ ತಿದ್ದೋ ಉಳಿದೋರು ಕೇಳ್ತಾರ. ಕಾರಣ ಬರದ್ರ ಇರತೈತಿ, ಇಲ್ಲಂದ್ರ ಸಂಜೀಕ ತೆಗೀತಾರ. ಪಂಪಕ್ಕ ಇಲ್ಲ. ನೀವ ಹೇಳ್ಬೇಕ್ರಿ.”

“ಕಾಳು ಆರಲವ್ವಾ, ಹೇಳ್ತೀನಿ,” ಎಂದು ಫೋನಿಟ್ಟು ಮೊರದ ಮುಂದೆ ಕೂತೆ.

ನಮ್ಮವರು ಕಾಲುವೆ ಕಚೇರಿಯಲ್ಲಿದ್ದಾಗ ನಾವು ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿದ್ದೆವು. ಪಂಪಾ ನಮ್ಮ ಜೊತೆಗೇ ಇದ್ದಳು. ಅವಳ ಕಣ್ಣಿನ ನರ ಸೊರಗುತ್ತಾ ಬಂದು ಕೊನೆಗೆ ಬೆಳಕು–ಕತ್ತಲೆ ಮಾತ್ರ ತಿಳಿಯುವಷ್ಟಾಯಿತು. ಹೊಸಪೇಟೆಯ ಡಾಕ್ಟರು ಕೈಚೆಲ್ಲಿದ ಮೇಲೆ ನಾನು ಹಂಪಿಗೆ ಹೋಗಿ ವಿರೂಪಾಕ್ಷನಿಗೆ ಹರಕೆ ಹೊತ್ತೆ. ಕಣ್ಣು ಬರಲಿಲ್ಲ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಸಾಫ್ಟ್‌ವೇರ್ ಬಂತು. “ಅತ್ತಿಗೆಮ್ಮ, ನೀವು ಕಣ್ಣು ಕೇಳಿದ್ರಿ, ನಿಮ್ಮ ದೇವರು ಕಿವಿ ಕೊಟ್ಟಾನ ನೋಡ್ರಿ,” ಎಂದು ಅವಳು ಕಾಡಿಸುತ್ತಿದ್ದಳು. ನಾನು ಮಾತ್ರ ಕಾಯಿ ಒಡೆಸಿ ಬಂದೆ.

ಆ ಸಾಫ್ಟ್‌ವೇರಿಗೆ ಯಾರೂ ದುಡ್ಡು ಕೇಳುವುದಿಲ್ಲ. ಬಲ್ಲವರು ಯಾರು ಬೇಕಾದರೂ ಅದನ್ನು ತಿದ್ದಬಹುದು. ಆದರೆ ಬಳಸುವುದು ಹೇಗೆಂಬುದೆಲ್ಲ ಇಂಗ್ಲಿಷಿನಲ್ಲಿತ್ತು. ಕಂಪ್ಲಿಯಿಂದ, ಸಂಡೂರಿನಿಂದ ಕಣ್ಣಿಲ್ಲದವರು ಇವಳಿಗೆ ಫೋನು ಮಾಡಿ ಕೇಳುತ್ತಿದ್ದರು. ಹೇಳಿದ್ದನ್ನೇ ಹೇಳಿ ಗಂಟಲು ಕಟ್ಟಿದ ಮೇಲೆ, ಎಲ್ಲವನ್ನೂ ಕನ್ನಡದಲ್ಲಿ ಬರೆದೇ ಬಿಡುತ್ತೇನೆಂದು ಹಟ ಹಿಡಿದಳು.

ಬರೆಯುವುದಕ್ಕೂ ಸಾಧನ ಹೂಡಬೇಕೆಂದು ನನಗೆ ಗೊತ್ತಾದದ್ದು ಆಗಲೇ. ಹಗಲೆಲ್ಲ ಕಪ್ಪು ಪರದೆಯ ಮುಂದೆ ಕೂತು ಅದೇನೇನೋ ಇಳಿಸಿಕೊಳ್ಳುವಳು. ಆ ಧ್ವನಿ ಸಾಸಿವೆ ಸಿಡಿದ ಹಾಗೆ ಇಂಗ್ಲಿಷಿನಲ್ಲಿ ಬೈಯುವುದು, ಇವಳು ಕನ್ನಡದಲ್ಲಿ ತಿರುಗಿ ಬೈಯುವುದು. ಕಡೆಗೆ ಎಲ್ಲ ಸರಿಹೋಯಿತು. ಬರಿಯ ಅಕ್ಷರಗಳ ನಡುವೆ ಗುರುತು ಹಾಕಿ ಬರೆದರೆ, ಇನ್ನೊಂದು ಸಾಧನ ಅದನ್ನು ಓದಿ ಚೆಂದದ ಪುಟ ಮಾಡುತ್ತದೆ.

“ಗುರುತು ಯಾಕ? ತಲೆಬರಹ ದಪ್ಪ ಮಾಡಿದ್ರಾತು,” ಎಂದೆ.

“ದಪ್ಪ ಮಾಡಿದ್ದು ನನಗ ಹ್ಯಾಂಗ ಗೊತ್ತಾಗಬೇಕ್ರಿ? ಗುರುತಾದ್ರ ಕಿವಿಗೆ ಕೇಳತೈತಿ.”

ಆ ಗುರುತುಗಳನ್ನು ನಾನೂ ಕಲಿತುಕೊಂಡೆ.

ಆಗ ಆ ಧ್ವನಿಗೆ ಕನ್ನಡದ ಒತ್ತಕ್ಷರ ಹೊರಳುತ್ತಿರಲಿಲ್ಲ. ಕೇಳಿ ತಿದ್ದುವುದು ಕಷ್ಟವಾದ್ದರಿಂದ, ಅವಳು ಹೇಳುವುದು, ನಾನು ಟೈಪ್ ಮಾಡುವುದು ಎಂದಾಯಿತು. ಒಂದೊಂದೇ ಬೆರಳಿನಲ್ಲಿ, ಒಲೆಯ ಮೇಲೆ ಬೇಳೆ ಇಟ್ಟು ಬಂದು, ಹತ್ತಾರು ಪುಟ ಬರೆದೆ. ಆದರೆ ಪುಟ ಮಾಡುವ ಸಾಧನ ಒಪ್ಪಲಿಲ್ಲ. ಪುಟಗಳೆಲ್ಲ ಹೆಸರಿಲ್ಲದೆ ಬಂದವು. ಮೊದಲ ಸಾಲಿನಲ್ಲಿ ಮೂರು ಅಡ್ಡಗೆರೆ, ಅದರ ಕೆಳಗೆ ಪುಟದ ಹೆಸರು ಇರಬೇಕಿತ್ತು, ಎರಡನ್ನೂ ಹಾಕಿದ್ದೆ. ಪಂಪಾ ಮಧ್ಯಾಹ್ನವೆಲ್ಲ ಹುಡುಕಿ ಸೋತು, ಕಡೆಗೆ ಫೈಲಿನ ತಲೆಗೆ, ಆ ಅಡ್ಡಗೆರೆಗಿಂತಲೂ ಮೇಲೆ ಹೋದಳು. ಧ್ವನಿ ತಡವರಿಸಿ ಓದಿತು: “ಶ. ರೀ.”

“ಅತ್ತಿಗೆಮ್ಮ! ಇದೇನ್ರಿ?”

“ಶ್ರೀ ಹಾಕದ ಹ್ಯಾಂಗ ಬರೀಲಿ? ಕಿರಾಣಿ ಚೀಟಿಗೂ ಹಾಕ್ತೀನಿ.”

“ಅಯ್ಯ, ಬಾಗಿಲಾಗ ದೇವರನ್ನ ನಿಂದ್ರಿಸಿರಿ. ಪುಟದ ಹೆಸರು ಒಳಗ ಹ್ಯಾಂಗ ಬರಬೇಕ್ರಿ ಪಾಪ!” ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಳಿಸಲು ನಾನು ಕೈಯೆತ್ತಿದೆ. “ಬ್ಯಾಡ, ತಡೀರಿ,” ಎಂದಳು. ಪ್ರತಿ ಪುಟದಲ್ಲೂ ಹೆಸರಿನ ಕೆಳಗೆ, ಎರಡು ಗುರುತುಗಳ ನಡುವೆ ಆ ಶ್ರೀಯನ್ನು ಹಾಕಿಸಿದಳು. ಹಾಗೆ ಹಾಕಿದ್ದು ಪುಟ ಓದುವವರಿಗೆ ಕಾಣುವುದಿಲ್ಲ. ಫೈಲು ತೆರೆದು ತಿದ್ದಲು ಕೂತವರಿಗೆ ಮಾತ್ರ ಸಿಗುತ್ತದೆ. “ಇಲ್ಲೇ ಇರಲಿ. ಕೆಲಸ ಮಾಡೋರಿಗೆ ಜೊತಿ ಆಗತೈತಿ.”

ಹೋದ ವರ್ಷ ಕಾಲುವೆಗೆ ನೀರು ಬಿಟ್ಟ ವಾರ ಪಂಪಾ ಹೋದಳು. ಜ್ವರವೆಂದು ಮಲಗಿದವಳು ಏಳಲಿಲ್ಲ. ನರಳಲಿಲ್ಲ, ಅದೊಂದು. ಪುಟಗಳು ಮುಗಿದಿದ್ದವು, ಅದೊಂದು. ಕಂಪ್ಲಿಯ ಯಜಮಾನರೊಬ್ಬರು ಆ ಪುಟ ಕೇಳಿ ಕಲಿತು, ನಾನೇ ಪೇಪರು ಓದಿಸಿಕೊಂಡೆನೆಂದು ಫೋನು ಮಾಡಿದ್ದನ್ನು ಕಿವಿಯಾರೆ ಕೇಳಿ ಹೋದಳು, ಅದೊಂದು. ಇಷ್ಟನ್ನೇ ಎಣಿಸಿಕೊಂಡು ನಾನು ದಿನ ದೂಡಿದ್ದೇನೆ.

ಈಗ ಆ ಸಾಲಿಗೆ ಕಾರಣ ಬೇಕಂತೆ. ದೇವರಿಗಾಗಿ ಉಳಿಸಿಕೊಳ್ಳಿ ಎನ್ನಲು ಬಾಯಿ ಬರಲಿಲ್ಲ. ಅವನಿಗೆ ನನ್ನ ಫೈಲು ಯಾತಕ್ಕೆ? ಆ ಪುಟಗಳನ್ನು ತಿದ್ದುವವರಲ್ಲಿ ಬೇರೆ ದೇವರನ್ನು ನಂಬುವವರೂ ಇದ್ದಾರೆ, ಯಾರನ್ನೂ ನಂಬದವರೂ ಇದ್ದಾರೆ. ನನಗೆ ಬೇಕಾಗಿದ್ದದ್ದು ಆ ಮಧ್ಯಾಹ್ನದ ನಗು. ಅದು ಪ್ರತಿ ಪುಟದಲ್ಲೂ ಇರಬೇಕೆಂದು ಕೇಳುವುದು ಹೆಚ್ಚಾಯಿತೆನ್ನಿಸಿತು.

ಶಾಂತಾಳಿಗೆ ಫೋನು ಮಾಡಿದೆ. “ಎಲ್ಲಾ ಕಡೆ ತೆಗೀರವ್ವಾ. ಧ್ವನಿ ಶುರು ಮಾಡೋದು ಹ್ಯಾಂಗಂತ ಹೇಳೋ ಮೊದಲನೇ ಪುಟದಾಗ ಮಾತ್ರ ಇರಲಿ. ಪಕ್ಕದಾಗ ಬರಿ: ಪಂಪಾವತಿ ಇಲ್ಲಿ ಬರೆಯಲು ಕೂತಳು.”

“ಅಷ್ಟೇನ್ರಿ?”

“ಅಷ್ಟ.”

ಅವಳು ಅಲ್ಲೇ ಬರೆದು, ಫೋನನ್ನು ಕಂಪ್ಯೂಟರಿನ ಹತ್ತಿರ ಹಿಡಿದು ಓದಿಸಿದಳು. ಅದೇ ಧ್ವನಿ. ಈಗ ಯಾರೋ ಪುಣ್ಯಾತ್ಮರು ಅದರ ಒತ್ತಕ್ಷರ ತಿದ್ದಿದ್ದಾರೆ. ತಡವರಿಸದೆ ಓದಿತು: “ಶ್ರೀ. ಪಂಪಾವತಿ ಇಲ್ಲಿ ಬರೆಯಲು ಕೂತಳು.”

ಇನ್ನೊಮ್ಮೆ ಓದಿಸು ಎನ್ನಬೇಕೆನಿಸಿತು. ಫೋನಿಟ್ಟೆ. ಕಾಳು ಆರಿದ್ದವು. ಅಂಗೈಯಲ್ಲಿ ತಿಕ್ಕಿದೆ, ಸಿಪ್ಪೆ ಬಿಟ್ಟಿತು. ಮೊರ ಎತ್ತಿಕೊಂಡು ಹಿತ್ತಲಿಗೆ ಹೋಗಿ, ಗಾಳಿ ಬರುವ ಕಡೆ ನಿಂತು ಕೇರತೊಡಗಿದೆ.