ಅಕ್ಕನ ಪರವಾಗಿ ಒಂದು ‘ಹೂಂ’

ಸುಮ್ಮನೆ ಕೂರಬೇಕಾಗಿದ್ದ ಹೊತ್ತಿನಲ್ಲಿ ನನಗೆ ಸುಮ್ಮನೆ ಕೂರಲಾಗಲಿಲ್ಲ. ನನ್ನ ತಪ್ಪು ಇಷ್ಟೇ. ಆದರೆ ಅದನ್ನು ಹೇಳಬೇಕಾದರೆ ಚಪ್ಪಲಿಯೊಳಗೆ ಹೊಕ್ಕ ಕಲ್ಲಿನಿಂದ ಶುರುಮಾಡಬೇಕು.

ಚನ್ನಗಿರಿ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಹೊನ್ನಾಳಿಯಿಂದಲೋ ನ್ಯಾಮತಿಯಿಂದಲೋ ಬಂದಿಳಿದವರು ನನ್ನ ಕಟ್ಟೆಗೆ ಕೈ ಆನಿಸಿ, ಕೊಕ್ಕರೆಯಂತೆ ಒಂಟಿ ಕಾಲಲ್ಲಿ ನಿಂತು, ಚಪ್ಪಲಿ ಕೊಡವಿಕೊಂಡು ಹೋಗುತ್ತಾರೆ. ಎಂಥ ಗತ್ತಿನ ಮನುಷ್ಯನೇ ಆಗಲಿ, ಎಷ್ಟೇ ಗರಿಗರಿ ಅಂಗಿ ತೊಟ್ಟಿರಲಿ, ಜೋಳದ ಕಾಳಿನಷ್ಟು ಕಲ್ಲು ಅವನನ್ನು ನಡುಬೀದಿಯಲ್ಲಿ ಕುಣಿಸಿಬಿಡುತ್ತದೆ. ಮಿಷನ್ನಿನ ಹಿಂದೆ ಕೂತು ಇದನ್ನು ನೋಡಿ ನಾನು ಬಹಳ ವರ್ಷ ನಕ್ಕಿದ್ದೇನೆ. ಈಗ ನಗು ಬರುವುದಿಲ್ಲ. ಕಲ್ಲು ಚುಚ್ಚಿದ್ದು ಗೊತ್ತಾಯಿತಲ್ಲ, ಪುಣ್ಯವಂತರು ಎನಿಸುತ್ತದೆ.

ನನ್ನ ಓದು ಆರನೆಯ ತರಗತಿಗೆ ಮುಗಿಯಿತು. ಆ ಆರರಲ್ಲೂ ನನ್ನ ಪಾಲು ಕಡಿಮೆ, ಒಡಹುಟ್ಟಿದ ಅಕ್ಕ ಹಾಲಮ್ಮನ ಪಾಲು ಹೆಚ್ಚು. ನಾನು ಕರೆಯುವುದು ಹಾಲಕ್ಕ ಎಂದು. ನಮ್ಮೂರ ಶಾಲೆಯಲ್ಲಿ ಎರಡು ತರಗತಿಗೆ ಒಂದೇ ಕೋಣೆ. ಅವಳು ಮುಂದಿನ ತರಗತಿಯವಳಾದರೂ ಹಟ ಹಿಡಿದು ನನ್ನ ಬೆನ್ನ ಹಿಂದೆಯೇ ಕೂರುತ್ತಿದ್ದಳು. ಮಂಡಿಯೂರಿ ಕೂತು ಮೇಷ್ಟ್ರಿಗೆ ಮಗ್ಗಿ ಒಪ್ಪಿಸುವಾಗ ನಾನು ಬಾಯಿಗೆ ಬಂದ ಸಂಖ್ಯೆಯನ್ನು ಮೆಲ್ಲಗೆ ಎಳೆದೆಳೆದು ಶುರುಮಾಡುತ್ತಿದ್ದೆ. ಸರಿಯಿದ್ದರೆ ಹಾಲಕ್ಕ ತನ್ನ ಕಾಲಿನ ಹೆಬ್ಬೆರಳಿನಿಂದ ನನ್ನ ಅಂಗಾಲನ್ನು ಒತ್ತುತ್ತಿದ್ದಳು. ತಪ್ಪಿದ್ದರೆ ಎರಡು ಬೆರಳ ಸಂದಿಯಲ್ಲಿ ಚರ್ಮ ಹಿಡಿದು ಗಿಲ್ಲುತ್ತಿದ್ದಳು. ಹೀಗಾಗಿ ನನ್ನ ವಿದ್ಯೆ ತಲೆಗೆ ಹತ್ತದೆ ಅಂಗಾಲಲ್ಲೇ ಉಳಿಯಿತು. ಇವತ್ತು ಮಿಷನ್ ತುಳಿದು ಹೊಟ್ಟೆ ಹೊರೆಯುತ್ತಿರುವುದೂ ಅದೇ ಅಂಗಾಲಿನಿಂದ ತಾನೆ.

ಅಕ್ಕನನ್ನು ಜಗಳೂರಿಗೆ ಕೊಟ್ಟರು. ನಮ್ಮ ಕಡೆ ಪಂಚಮಿ ಹಬ್ಬಕ್ಕೆ ಹೆಣ್ಣುಮಕ್ಕಳು ತಾವಾಗಿ ಬರುವುದಿಲ್ಲ, ಅಣ್ಣತಮ್ಮಂದಿರೇ ಹೋಗಿ ಕರೆತರಬೇಕು. ನಾನು ಒಂದು ವರ್ಷವೂ ತಪ್ಪಿಸಿಲ್ಲ. ಸಕ್ಕರೆ ಕಾಯಿಲೆ ಬಂದಮೇಲೆ ಅವಳು ತನ್ನ ಪಾಲಿನ ಶೇಂಗಾ ಉಂಡಿಯನ್ನು ಒಮ್ಮೆ ಮೂಸಿ, ಕಣ್ಣಲ್ಲೇ ತಿಂದು, ನನ್ನ ಕೈಗೆ ಹಾಕುತ್ತಾಳೆ. ತವರಿಗೆ ಬಂದ ಅಕ್ಕನನ್ನು ಹೂವಿನಂತೆ ನೋಡಿಕೊಳ್ಳಬೇಕು, ನಾಲ್ಕು ಜನರ ಮುಂದೆ ಅವಳ ತಲೆ ತಗ್ಗಬಾರದು ಎಂದು ನಂಬಿದ ತಮ್ಮ ನಾನು. ಆ ನಂಬಿಕೆಯೇ ಮುಳುವಾಯಿತು ನೋಡಿ.

ಹೋದ ವರ್ಷ ಪಂಚಮಿಯ ಮುಂಚಿನ ದಿನ ನಮ್ಮ ಓಣಿಯ ಸಮುದಾಯ ಭವನದಲ್ಲಿ ಸಕ್ಕರೆ ಕಾಯಿಲೆಯವರ ಕಾಲು ನೋಡುವ ಶಿಬಿರವಿತ್ತು. ಅಕ್ಕನನ್ನು ನಾನೇ ಕರೆದುಕೊಂಡು ಹೋದೆ. ನಮಗಿಂತ ಮೊದಲು ತೋರಿಸಿಕೊಂಡ ಪಕ್ಕದ ಮನೆ ಶಾಂತಮ್ಮ, ರಾಂಕು ಬಂದವಳಂತೆ ಸೆರಗು ಕೊಡವಿ ಎದ್ದಳು.

“ನಂದು ಎಲ್ಲಾ ಸರಿ ಐತಂತೆ. ನಿನ್ನವೇನು ಹಾಲಕ್ಕ, ಜಗಳೂರು ಬಿಸಿಲಿಗೆ ಕಾಲು ಸುಟ್ಟ ಬದನೆಕಾಯಿ ಆಗ್ಯಾವಲ್ಲ!”

“ನಡೆದ ಕಾಲು ಕಣೇ ಇವು. ನಿನ್ನಂಗೆ ಕುಂತು ಕೊಬ್ಬಿದವಲ್ಲ,” ಎಂದಳು ಅಕ್ಕ. ಹೆಂಗಸರೆಲ್ಲ ನಕ್ಕು, ಮುಂದೇನಾಗುತ್ತದೋ ನೋಡೋಣವೆಂದು ಸುತ್ತ ನಿಂತರು.

ನರ್ಸಮ್ಮನ ಕೈಯಲ್ಲಿ ಗಾಳದ ದಾರದಂಥ ಸಣ್ಣ ಎಳೆ ಸಿಕ್ಕಿಸಿದ ಒಂದು ಹಿಡಿಕೆ. ಮೊದಲು ಅಕ್ಕನ ತೋಳಿಗೆ ಮುಟ್ಟಿಸಿ ತೋರಿಸಿದರು. “ಹೆದರಬ್ಯಾಡ್ರಿ ಅಮ್ಮಾ, ಇದು ಚುಚ್ಚಾಕಲ್ಲ, ಬರೀ ಮುಟ್ಟಾಕೆ. ಕಣ್ಣು ಮುಚ್ಚಿಕೊಳ್ರಿ. ಕಾಲಿಗೆ ಮುಟ್ಟಿದ್ದು ಗೊತ್ತಾದ್ರೆ ಹೂಂ ಅನ್ರಿ.”

ಅಕ್ಕ ಕಣ್ಣು ಮುಚ್ಚಿದಳು. ಎಳೆ ಅವಳ ಬಲಗಾಲ ಹೆಬ್ಬೆರಳನ್ನು ಒತ್ತಿ ಬಿಲ್ಲಿನಂತೆ ಬಾಗಿತು. ಅಕ್ಕ ಮಾತಾಡಲಿಲ್ಲ. ಇನ್ನೂ ಮುಟ್ಟಿಲ್ಲವೆಂದು ತಿಳಿದು, ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದಳು. ನರ್ಸಮ್ಮ ಮತ್ತೆ ಅಲ್ಲೇ ಮುಟ್ಟಿಸಿದರು. ಶಾಂತಮ್ಮ ಪಕ್ಕದವಳನ್ನು ಮೊಣಕೈಯಲ್ಲಿ ತಿವಿದಳು. ಅಕ್ಕನ ಕೈ ಸೆರಗಿನ ಮರೆಯಲ್ಲಿ ನನ್ನ ಕೈಯೊಳಗಿತ್ತು. ನಾನು ಒತ್ತಿದೆ.

“ಹೂಂ,” ಎಂದಳು ಅಕ್ಕ.

ಅಲ್ಲಿಂದ ಮುಂದೆ ಎಳೆ ಎಲ್ಲೆಲ್ಲಿ ಬಾಗಿತೋ ಅಲ್ಲೆಲ್ಲ ನಾನು ಒತ್ತಿದೆ, ಅಕ್ಕ ಹೂಂ ಎಂದಳು. ಎರಡು ಕಾಲಿಗೂ ಒಳ್ಳೆಯ ಅಂಕ ಬಂತು. ಮಗ್ಗಿಯ ಋಣ ತೀರಿಸಿದೆನೆಂದು ಬೀಗುತ್ತ ಮನೆಗೆ ಬಂದು ನಾನು ಎರಡು ಉಂಡಿ ಹೆಚ್ಚಿಗೆ ತಿಂದೆ.

ಪರೀಕ್ಷೆಗಳಲ್ಲಿ ಪಾಸಾಗಲೆಂದು ಇರುವವು ಕೆಲವು, ಇದ್ದದ್ದನ್ನು ಇದ್ದಂತೆ ಹೇಳಲೆಂದು ಇರುವವು ಕೆಲವು. ಆರನೆಯ ತರಗತಿಗೆ ಬಿಟ್ಟವನಿಗೆ ಮೊದಲನೆಯದು ಮಾತ್ರ ಗೊತ್ತಿತ್ತು ಎಂದು ನೆಪ ಹೇಳಬಹುದು. ಆದರೆ ಕಾಲಿಗೆ ಗೊತ್ತಾಗುತ್ತಿಲ್ಲವೆಂಬುದು ನನ್ನ ಕಣ್ಣಿಗೆ ಗೊತ್ತಾಗಿತ್ತಲ್ಲ, ಅದಕ್ಕೆ ಯಾವ ತರಗತಿಯೂ ಬೇಕಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಜಗಳೂರಿನಿಂದ ಫೋನು ಬಂತು. ಹೊಲದ ಬದುವಿನಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಅಕ್ಕನ ಬಲಗಾಲಿಗೆ ಹೊಕ್ಕು ಮುರಿದಿತ್ತು. ಅವಳು ಅದರ ಮೇಲೇ ಓಡಾಡಿದ್ದಾಳೆ, ರೊಟ್ಟಿ ಬಡಿದಿದ್ದಾಳೆ, ನೀರು ಹೊತ್ತಿದ್ದಾಳೆ. ಬಳಿದ ನೆಲದ ಮೇಲೆ ಕೀವಿನ ಗುರುತು ಕಂಡು ಸೊಸೆ ‘ಕಾಲು ನೋಡ್ಕೊಳ್ರಿ ಅತ್ತೆ’ ಎಂದರೆ, “ನನ್ನ ಕಾಲಿಗೇನಾಗೈತೆ, ತವರಾಗೆ ನರ್ಸಮ್ಮರೇ ನೋಡಿ ಹೇಳ್ಯಾರೆ,” ಎಂದು ಗದರಿಸಿದಳಂತೆ. ದಾವಣಗೆರೆಯ ಆಸ್ಪತ್ರೆಯಲ್ಲಿ ಅವಳ ಹೆಬ್ಬೆರಳನ್ನು ತೆಗೆದರು. ನನ್ನ ಅಂಗಾಲಿಗೆ ಮಗ್ಗಿ ಕಲಿಸಿದ ಬೆರಳು.

ನೋಡಲು ಹೋದವನು ಎಳನೀರು ಕೊಟ್ಟೆ, ಡಾಕ್ಟರ ಹತ್ತಿರ ಮಾತಾಡಿದೆ, ಅಕ್ಕನ ಮುಖ ಬಿಟ್ಟು ಉಳಿದದ್ದನ್ನೆಲ್ಲ ನೋಡಿದೆ. ಹೇಳಬೇಕಾದದ್ದನ್ನು ಹೇಳಲಿಲ್ಲ. ಮತ್ತೆ ಮಿಷನ್ ತುಳಿಯಲು ಕೂತಾಗ ಒಂದು ಮಾತು ಹೊಳೆಯಿತು: ಅಕ್ಕ ನನ್ನ ತಪ್ಪಿಗೆ ಒಂದು ಸಲವೂ ಒತ್ತಿದವಳಲ್ಲ, ಗಿಲ್ಲಿದವಳು. ನೋವು ಕೊಟ್ಟು ಕಾಪಾಡುವುದು ಅವಳಿಗೆ ಗೊತ್ತಿತ್ತು. ನಾನು ನೋಯಿಸಬಾರದೆಂದು ಒತ್ತಿಬಿಟ್ಟೆ.

ಈ ವರ್ಷವೂ ಪಂಚಮಿಗೆ ಕರೆತಂದೆ. ಮರುದಿನವೇ ಎಡಗಾಲನ್ನು ತೋರಿಸಲು ಆಸ್ಪತ್ರೆಗೆ ಹೋದೆವು. ಮತ್ತೆ ಅದೇ ಎಳೆ. ಅಕ್ಕ ಕಣ್ಣು ಮುಚ್ಚಿ ಕೈ ಚಾಚಿದಳು. “ತಮ್ಮಾ, ಕೈ ಕೊಡೋ.”

ನಾನು ಕೊಡಲಿಲ್ಲ. ಎರಡೂ ಕೈಗಳನ್ನು ತೊಡೆಯಡಿ ಹಾಕಿಕೊಂಡು ಕೂತೆ. ಎಳೆ ಬಾಗಿತು, ಅಕ್ಕ ಸುಮ್ಮನಿದ್ದಳು. ಜಾಗ ಬದಲಿಸಿ ಬಾಗಿತು, ಸುಮ್ಮನಿದ್ದಳು. ಚಾಚಿದ ಅವಳ ಕೈ ಗಾಳಿಯಲ್ಲೇ ಸ್ವಲ್ಪ ಹುಡುಕಾಡಿ ಮಡಿಲಿಗೆ ಬಂತು. ಪಾದದ ನಡುವೆ ಮುಟ್ಟಿಸಿದಾಗ ಮಾತ್ರ, ಬಾವಿಯಾಳದಿಂದ ಬಂದಂತೆ, “ಹೂಂ.” ಅದು ಅವಳದೇ ಹೂಂ. ನರ್ಸಮ್ಮ ಮೆತ್ತನೆಯ ಅಡಿಯ ಚಪ್ಪಲಿ ಕೊಡಿಸಿ, ದಿನಾ ಪಾದ ನೋಡಿಕೊಳ್ಳಲು ಹೇಳಿ, ಕೈಯಿಂದ ಒಳಗೆ ಮುಟ್ಟಿ ನೋಡದೆ ಮೆಟ್ಟಬಾರದೆಂದು ಕಟ್ಟಪ್ಪಣೆ ಮಾಡಿದರು.

ಹಿಂತಿರುಗುವಾಗ ನನ್ನ ಅಂಗಡಿಯ ಮುಂದೆ ಹೊಸ ಚಪ್ಪಲಿ ಬಿಟ್ಟು, ಕಟ್ಟೆಯ ಮೇಲೆ ಕೂತು ಅಕ್ಕ ಕೇಳಿದಳು: “ಯಾಕೋ ಕೈ ಕೊಡ್ಲಿಲ್ಲ? ಹೋದ ವರ್ಷ ಹಿಡಕಂಡಿದ್ಯಲ್ಲ.”

“ಹೋದ ವರ್ಷ ನಾನು ಒತ್ತಿದ್ದೆ ಅಕ್ಕ.”

“ಒತ್ತಿದ್ದು ಗೊತ್ತಾತು ಬಿಡು. ಕಾಲಿಗೇನೂ ತಿಳೀಲಿಲ್ಲ. ವಯಸ್ಸಾತಲ್ಲ, ನಂಗೇ ತಡವಾಗಿ ತಿಳೀತೈತೇನೋ, ನನ್ನ ತಮ್ಮ ಸುಳ್ಳು ಹೇಳ್ತಾನಾ ಅನ್ಕಂಡು ಹೂಂ ಅಂದೆ.”

ತನ್ನ ಕಾಲನ್ನು ನಂಬದೆ ನನ್ನ ಕೈಯನ್ನು ನಂಬಿದ್ದಳು.

ನ್ಯಾಮತಿ ಬಸ್ಸಿನಿಂದ ಇಳಿದವನೊಬ್ಬ ಕಟ್ಟೆ ಹಿಡಿದು ಚಪ್ಪಲಿ ಕೊಡವಿ ಹೋದ. ಅಕ್ಕ ಹೊಸ ಚಪ್ಪಲಿಗೆ ಕಾಲು ಚಾಚಿದಳು. ನಾನು ತಡೆದು, ಕೆಳಗೆ ಕೂತು ಒಳಗೆ ಕೈಯಾಡಿಸಿದೆ. ಒಂದು ಸಣ್ಣ ಕಲ್ಲು ಸಿಕ್ಕಿತು. ಅದು ನನ್ನ ಬೆರಳಿಗೆ ಚೆನ್ನಾಗಿಯೇ ಚುಚ್ಚಿತು. ಅದನ್ನು ಅಂಗೈಯಲ್ಲಿಟ್ಟುಕೊಂಡೇ, ಈ ಸಲ ಅವಳ ಮುಖ ನೋಡಿ ಹೇಳಿದೆ:

“ಅಕ್ಕಾ, ನಿನ್ನ ಕಾಲಿಗೆ ಗೊತ್ತಾಗ್ತಿಲ್ಲ ಅಂತ ಅವತ್ತೇ ನಂಗೆ ಕಂಡಿತ್ತು. ಕಂಡೂ ಹೂಂ ಅನ್ನಿಸ್ದೆ. ತಪ್ಪಾತಕ್ಕ.”